ಒಂದು ದಾವೆ ಇನ್ನೊಂದನ್ನು ನುಂಗುವುದೇ?

ನ್ಯಾಯಶಾಸ್ತ್ರವೆಂದರೆ ಒಣ ಸೂತ್ರಗಳ ಕಂತೆಯೆಂದೇ ನಾನು ಬಹುಕಾಲ ಭಾವಿಸಿದ್ದೆನು. ರೋಮನ್ನರ ನ್ಯಾಯವನ್ನು ಓದತೊಡಗಿದಾಗ ಎದುರಾದ ಒಂದು ಪ್ರಶ್ನೆ ಆ ಭಾವನೆಯನ್ನು ಅಳಿಸಿತು. ಒಬ್ಬನು ಪರರ ಸ್ವತ್ತನ್ನು ಕದ್ದನು. ಅನಂತರ ಅದನ್ನೇ ನಾಶಮಾಡಿದನು. ಒಡೆಯನು ಅವನ ಮೇಲೆ ಎಷ್ಟು ದಾವೆಗಳನ್ನು ಹೂಡಬಹುದು?

ರೋಮಿನಲ್ಲಿ ಕಳವಿಗೆ ಒಡೆಯನೇ ದಾವೆ ಹೂಡಿ ದಂಡ ಪಡೆಯುತ್ತಿದ್ದನು. ಕದಿಯುತ್ತಿರುವಾಗಲೇ ಸಿಕ್ಕಿಬಿದ್ದ ಕಳ್ಳನು ನಾಲ್ಕರಷ್ಟು, ಹಾಗಲ್ಲದವನು ಎರಡರಷ್ಟು ತೆರಬೇಕಾಗಿತ್ತು. ಕದ್ದ ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಮರಳಿ ಪಡೆಯಲು ಬೇರೆ ದಾವೆಯಿತ್ತು. ದಂಡ ಬೇರೆ, ಸ್ವತ್ತು ಬೇರೆ.

ನಾಶಮಾಡಿದವನಿಗೆ ಅನ್ವಯಿಸುತ್ತಿದ್ದುದು ಕ್ರಿ. ಪೂ. ೨೮೬ರ ಸುಮಾರಿನದೆಂದು ಹೇಳಲಾಗುವ ಅಕ್ವಿಲಿಯನ್ ಶಾಸನ. ಪರರ ಗುಲಾಮನನ್ನಾಗಲಿ ದನವನ್ನಾಗಲಿ ಅನ್ಯಾಯವಾಗಿ ಕೊಂದವನು, ಹಿಂದಿನ ಒಂದು ವರ್ಷದಲ್ಲಿ ಅದಕ್ಕಿದ್ದ ಅತ್ಯಧಿಕ ಬೆಲೆಯನ್ನು ಕೊಡಬೇಕೆಂದು ಅದು ವಿಧಿಸಿತು. ಸುಟ್ಟು, ಮುರಿದು ಕೆಡಿಸಿದ ಇತರ ನಷ್ಟಗಳಿಗೂ ಅದರಲ್ಲಿ ವಿಧಿಯಿತ್ತು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಜಸ್ಟಿನಿಯನ್ ಚಕ್ರವರ್ತಿಯು ಕ್ರಿ. ಶ. ೫೩೩ರಲ್ಲಿ ಪ್ರಕಟಿಸಿದ ‘ಡೈಜೆಸ್ಟ್’ ಗ್ರಂಥದಲ್ಲಿ ಉಲ್ಪಿಯನ್ ಎಂಬ ಪಂಡಿತನ ಉತ್ತರ ಉಳಿದಿದೆ. ಗುಲಾಮನನ್ನು ಕದ್ದು ಕೊಂದವನು, ಕದ್ದುದಕ್ಕೆ ಕಳವಿನ ದಾವೆಗೂ ಕೊಂದುದಕ್ಕೆ ಅಕ್ವಿಲಿಯನ್ ದಾವೆಗೂ ಗುರಿಯಾಗುವನು. ಒಂದು ಇನ್ನೊಂದನ್ನು ನುಂಗದು. ಎರಡನೆಯ ತಪ್ಪು ಮೊದಲನೆಯದರ ಶಿಕ್ಷೆಯನ್ನು ತಗ್ಗಿಸಲಾರದು.

ಆದರೆ ತಪ್ಪು ಒಂದೇ ಆಗಿ ದಾವೆಗಳು ಎರಡಾದರೆ? ಗುಟ್ಟಾಗಿ ಪರರ ಮರ ಕಡಿದವನ ಮೇಲೆ, ಕ್ರಿ. ಪೂ. ಐದನೆಯ ಶತಮಾನದ ಹನ್ನೆರಡು ಫಲಕಗಳ ಶಾಸನದಂತೆಯೂ ಅಕ್ವಿಲಿಯನ್ ಶಾಸನದಂತೆಯೂ ದಾವೆ ಸಲ್ಲುವುದೆಂದು ಲೇಬಿಯೋ ಹೇಳಿದನು. ಅವನ ಗುರು ಟ್ರೆಬೇಷಿಯಸ್ ಇದನ್ನು ಒಪ್ಪಿದರೂ, ಮೊದಲು ದೊರೆತ ಹಣವನ್ನು ನ್ಯಾಯಾಧಿಪತಿಯು ಎರಡನೆಯ ದಾವೆಯಲ್ಲಿ ಕಳೆದು ಉಳಿದುದನ್ನಷ್ಟೇ ಕೊಡಿಸಬೇಕೆಂದನು. ನನಗೆ ಗುರುವಿನ ಮಾತೇ ಸಮಂಜಸವೆನಿಸುತ್ತದೆ. ಬಿದ್ದ ಮರ ಒಂದೇ. ಅದರ ನಷ್ಟವನ್ನು ಎರಡು ಸಲ ತುಂಬಿಸಿಕೊಳ್ಳುವುದು ನ್ಯಾಯವಲ್ಲ.

ಇಷ್ಟು ಸೂಕ್ಷ್ಮವಾಗಿ ತೂಗಿದವರ ಬಗ್ಗೆ ನನಗೆ ಗೌರವ ಹುಟ್ಟಿತು; ಜೊತೆಗೆ ವ್ಯಥೆಯೂ ಆಯಿತು. ಉಲ್ಪಿಯನ್ ಹೇಳಿದ ಆ ಎರಡು ದಾವೆಗಳ ಹಣವೂ ಸೇರುತ್ತಿದ್ದುದು ಒಡೆಯನ ಪೆಟ್ಟಿಗೆಗೆ. ಕೊಂದವನ ಮೇಲೆ ಕೊಲೆಯ ಆರೋಪ ಹೊರಿಸಲು ಅವಕಾಶವಿತ್ತೆಂಬುದು ನಿಜ. ಆದರೂ ಅಕ್ವಿಲಿಯನ್ ಶಾಸನದಲ್ಲಿ ಸತ್ತ ಮನುಷ್ಯನು ದನದ ಪಕ್ಕದಲ್ಲಿ ಒಂದು ಬೆಲೆಯಾಗಿ ಮಾತ್ರ ನಿಂತಿದ್ದಾನೆ. ರೋಮನ್ನರಿಂದ ದಾವೆಗಳನ್ನು ವಿಂಗಡಿಸುವ ಜಾಣ್ಮೆಯನ್ನು ಕಲಿಯುವಾಗ, ವಿದ್ಯಾರ್ಥಿಗಳಾದ ನಾವು ಆ ಮನುಷ್ಯನನ್ನು ಮರೆಯಬಾರದು.