ಹುಟ್ಟಿದ ವರ್ಷಕ್ಕೆ ಎಷ್ಟು ರೊಕ್ಕ?

ನನ್ನ ಅಣ್ಣನ ಮಗ ಲಂಡನ್ನಿನಲ್ಲಿದ್ದಾನೆ. ಹುಟ್ಟಿದ್ದು ನವಲಗುಂದದಲ್ಲಿ, 1980ರಲ್ಲಿ. ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ ವಿರುದ್ಧ ಎದ್ದ ರೈತರ ಮೇಲೆ ಆ ವರ್ಷ ಜುಲೈ 21ರಂದು ಗುಂಡು ಹಾರಿತು. ಹಾಗಾಗಿ ನಮ್ಮ ಕಡೆ ಅವನ ವಯಸ್ಸು ಯಾರೂ ಬೆರಳು ಮಡಿಚಿ ಎಣಿಸುವುದಿಲ್ಲ, ‘ಬಂಡಾಯದ ವರ್ಷದಾಂವ’ ಅಂದರೆ ಮುಗಿಯಿತು. ಅವನಿಗೆ ನಲವತ್ತೈದು ತುಂಬುವ ಮುಂಚೆ ಅವನ ಹೆಂಡತಿ ಫೋನ್ ಮಾಡಿದಳು.

“ಕಾಕಾರ, ಇವರು ಹುಟ್ಟಿದ ವರ್ಷದ ವೈನ್ ಒಂದು ಬಾಟ್ಲಿ ತಗೋಬೇಕು ಅನ್ಕೊಂಡೀನ್ರಿ. ಇನ್ನೂರು ಪೌಂಡ್ ತೆಗೆದಿಟ್ಟೀನಿ. ರೊಕ್ಕ ದಂಡ ಆಗಬಾರದು, ಸ್ವಲ್ಪ ನೋಡಿ ಹೇಳ್ರಿ. ಅತ್ತಿಯವರಿಗೆ ಮಾತ್ರ ಹೇಳಬ್ಯಾಡ್ರಿ.”

ನಾನು ಕುಡಿಯುವವನಲ್ಲ. ಆದರೆ ರೇಟು ಹೇಗೆ ಹುಟ್ಟುತ್ತದೆ ಅನ್ನುವುದು ನನ್ನ ಹಳೇ ಹುಚ್ಚು. ಓದುತ್ತ ಹೋದೆ.

ವೈನ್ ಹಳತಾದಷ್ಟೂ ಬೆಲೆ ಏರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಮಾಲು ಹಳತಾದರೆ ಏನಾಗುತ್ತದೆ ಎಂದು ಕುಂದಗೋಳದಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರನ್ನು ಕೇಳಿ. ರೇಟು ಬಿದ್ದಿದೆ ಎಂದು ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿದರೆ ಒಂದು ಕಡೆ ಬಾಡಿಗೆ ಏರುತ್ತದೆ, ಇನ್ನೊಂದು ಕಡೆ ಕಾಯಿಯ ಬಣ್ಣ ಇಳಿಯುತ್ತದೆ. ಮುಂದಿನ ಹಂಗಾಮಿನಲ್ಲಿ ಅದಕ್ಕೆ ಹೆಸರು ‘ಹಳೇ ಮಾಲು’. ಜಗತ್ತಿನ ಬಹುಪಾಲು ವೈನಿನ ಕಥೆಯೂ ಇದೇ. ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲೆಂದೇ ಅದನ್ನು ಮಾಡಿರುತ್ತಾರೆ. ದಶಕಗಟ್ಟಲೆ ತಾಳುವುದು ಎಲ್ಲೋ ಒಂದಿಷ್ಟು, ಅದೂ ಆ ವರ್ಷದ ಮಳೆ-ಬಿಸಿಲು ಕೂಡಿ ಬಂದಿದ್ದರೆ.

1980ನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ಬೋರ್ಡೋದಲ್ಲಿ ಆ ವರ್ಷ ಚಳಿ, ಮಳೆ. ದ್ರಾಕ್ಷಿ ಕೊಯ್ಲು ಅಕ್ಟೋಬರಿಗೆ ಹೋಯಿತು. ಬಂದ ಕೆಂಪು ವೈನ್ ತೆಳು, ಬೇಗ ಕುಡಿಯುವಂಥದು. ಇವತ್ತು ಅದರ ಬಾಟಲಿ ಕೊಂಡರೆ ಸಿಗುವುದು ಹೆಚ್ಚಾಗಿ ಲೇಬಲ್ ಮಾತ್ರ. ಅದೇ ವರ್ಷ ಪೋರ್ಚುಗಲ್ಲಿನ ಡೌರೊ ಕಣಿವೆಯಲ್ಲಿ ಟೇಲರ್, ಗ್ರಹಾಂ, ಡೌನಂಥ ಹಳೇ ಮನೆತನಗಳು ‘ವಿಂಟೇಜ್ ಪೋರ್ಟ್’ ಘೋಷಿಸಿದವು. ಫಸಲು ಚೆನ್ನಾಗಿದ್ದ ವರ್ಷ ಮಾತ್ರ ಹಾಗೆ ಘೋಷಿಸುವ ಪದ್ಧತಿ ಅಲ್ಲಿದೆ. ಹುದುಗುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸುರಿದು ಸಿಹಿ ಉಳಿಸಿಕೊಂಡ ಈ ವೈನಿನಲ್ಲಿ ಮದ್ಯಸಾರ ಶೇ. 20ರ ಆಸುಪಾಸು. ಐವತ್ತು ವರ್ಷ ಬಾಳುವುದು ಅದಕ್ಕೆ ದೊಡ್ಡ ಮಾತಲ್ಲ. ಕೊಳ್ಳುವವರಿಗೆ ಇನ್ನೊಂದು ಅನುಕೂಲ: 1977 ಮತ್ತು 1985ರ ಪೋರ್ಟಿಗೆ ಇರುವ ದೊಡ್ಡ ಹೆಸರು ನಡುವಿನ 1980ಕ್ಕೆ ಇಲ್ಲ. ಹೆಸರಿಲ್ಲದ ಕಡೆ ರೇಟೂ ಸೌಮ್ಯ.

ಪೋರ್ಟ್ ಎಂದ ಕೂಡಲೇ ನಮ್ಮವರಿಗೆ ಗೋವಾ ನೆನಪಾಗುತ್ತದೆ. ಕಲಘಟಗಿಯ ನಮ್ಮ ಬೀಗರೊಬ್ಬರು, ಗೋವಾಕ್ಕೆ ಹೋದವರು ತರುವ ಸಿಹಿ ಪೋರ್ಟ್ ವೈನಿಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದೇ ಎಂದು ನಕ್ಕರು. ಹೆಸರು ಒಂದೇ, ಸರಕು ಬೇರೆ. ಗೋವಾದ್ದರ ಮೇಲೆ ಫಸಲಿನ ವರ್ಷವನ್ನು ಹುಡುಕುವುದೇ ವ್ಯರ್ಥ. ಕರ್ನಾಟಕದ ವೈನೇ ಕೊಡೋಣ ಅಂದರೆ ದೊಡ್ಡಬಳ್ಳಾಪುರದ ಗ್ರೋವರ್ ಕಂಪನಿ ಶುರುವಾದದ್ದೇ 1988ರಲ್ಲಿ. ನಮ್ಮ ಸರ್ಕಾರದ ವೈನ್ ನೀತಿ ಬಂದದ್ದು 2007ರಲ್ಲಿ. ಬಂಡಾಯದ ವರ್ಷದವರಿಗೆ ಇಲ್ಲಿ ಏನೂ ಇಲ್ಲ.

ಮೊದಲು ಅವಳು ಒಂದು ಲಿಲಾವಿನ ಪಟ್ಟಿ ಕಳಿಸಿದಳು, ಪೋರ್ಟಿನದೇ. “ನೂರು ಪೌಂಡಿಗೆ ಸಿಗತೈತಿ ನೋಡ್ರಿ!” ಲಿಲಾವಿನಲ್ಲಿ ಕೂಗಿ ನಿಂತ ಬೆಲೆಯೇ ಕೊನೆಯಲ್ಲ ಎನ್ನುವುದು ಎಪಿಎಂಸಿ ಅಂಗಳದಲ್ಲಿ ನಿಂತವರಿಗೆಲ್ಲ ಗೊತ್ತು. ಇಲ್ಲಿ ದಲಾಲಿ ಇದ್ದಂತೆ ಅಲ್ಲಿ ಕೊಳ್ಳುವವರ ಮೇಲೆ ಪ್ರೀಮಿಯಂ. ಶೇ. 25 ಅಂದುಕೊಂಡರೆ ನೂರಕ್ಕೆ ಇಪ್ಪತ್ತೈದು, ಆ ಇಪ್ಪತ್ತೈದರ ಮೇಲೆ ಶೇ. 20 ವ್ಯಾಟ್ ಅಂದರೆ ಐದು, ಮನೆಗೆ ತಲುಪಿಸಲು ಹದಿನೈದು. ನೂರು ಇದ್ದದ್ದು ನೂರಾ ನಲವತ್ತೈದು ಆಯಿತು. ಇಷ್ಟು ಕೊಟ್ಟ ಮೇಲೂ ಬಾಟಲಿ ಎಲ್ಲಿತ್ತು, ಹೇಗಿತ್ತು ಎಂದು ಯಾರೂ ಬರೆದು ಕೊಟ್ಟಿರಲಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ: ಬಾಟಲಿಯ ಕತ್ತಿನಲ್ಲಿ ಇರಬೇಕಾದ ವೈನ್ ಹೆಗಲಿಗಿಂತ ಕೆಳಗೆ ಇಳಿದಿತ್ತು, ಬಿರಡೆಯ ಮೇಲಿನ ಕವಚದ ಅಂಚಿನಲ್ಲಿ ಜಿನುಗಿ ಒಣಗಿದ ಕಲೆ. ಬಿರಡೆ ಸಡಿಲಾಗಿದೆ, ಗಾಳಿ ಒಳಗೆ ಹೋಗಿದೆ. ಬ್ಯಾಡ ಅಂದೆ.

ನಕಲಿಯ ಕಾಟವೂ ಉಂಟು. ಅಮೆರಿಕದಲ್ಲಿ ರೂಡಿ ಕುರ್ನಿಯಾವನ್ ಎಂಬಾತ ಮನೆಯಲ್ಲೇ ವೈನ್ ಬೆರೆಸಿ, ಹಳೇ ಲೇಬಲ್ ಅಂಟಿಸಿ ಶ್ರೀಮಂತರಿಗೆ ಮಾರಿದ. 2008ರಲ್ಲಿ ಅವನು ಲಿಲಾವಿಗಿಟ್ಟ ಬಾಟಲಿಗಳಲ್ಲಿ ಪೋನ್ಸೋ ಮನೆತನದ 1945ರ ‘ಕ್ಲೋ ಸ್ಯಾಂ ದೆನಿ’ ಇತ್ತು. ಆ ಮನೆತನ ಆ ವೈನ್ ಮಾಡತೊಡಗಿದ್ದೇ 1980ರ ದಶಕದಲ್ಲಿ! ಯಜಮಾನ ಲೋರಾಂ ಪೋನ್ಸೋ ಖುದ್ದಾಗಿ ನ್ಯೂಯಾರ್ಕಿಗೆ ಹೋಗಿ ತಡೆದ. 2014ರಲ್ಲಿ ಕುರ್ನಿಯಾವನ್‌ಗೆ ಹತ್ತು ವರ್ಷ ಶಿಕ್ಷೆಯಾಯಿತು. ನಮ್ಮಂಥವರ ಇನ್ನೂರು ಪೌಂಡಿಗೆ ಅಂಥ ಕಳ್ಳರು ಕೈ ಹಾಕಲಿಕ್ಕಿಲ್ಲ, ನಿಜ. ಆದರೂ ಖರೀದಿಯ ಹಳೇ ಬಿಲ್ಲು, ಇಟ್ಟಿದ್ದ ಗೋದಾಮಿನ ಹೆಸರು ಕೇಳುವುದಕ್ಕೆ ಖರ್ಚೇನೂ ಇಲ್ಲ.

ಕೊನೆಗೆ ನಾನು ಹೇಳಿದ್ದು ‘ಕೊಲ್ಹೇಟಾ’. ಇದೂ ಪೋರ್ಟೇ, ಒಂದೇ ವರ್ಷದ ಫಸಲಿನದು, ಆದರೆ ಹಳತಾಗುವುದು ಮರದ ಪೀಪಾಯಿಯಲ್ಲಿ. ಕನಿಷ್ಠ ಏಳು ವರ್ಷ ಅಲ್ಲೇ ಇರಬೇಕೆಂದು ಕಾನೂನು. ನಲವತ್ತು ವರ್ಷ ಇಟ್ಟವರೂ ಇದ್ದಾರೆ. ಲೇಬಲ್ ಮೇಲೆ ಫಸಲಿನ ವರ್ಷದ ಜೊತೆ ಬಾಟಲಿಗೆ ತುಂಬಿದ ವರ್ಷವೂ ಇರುತ್ತದೆ. ಈಚೆಗೆ ತುಂಬಿದ್ದಾದರೆ ಬಿರಡೆ ಹೊಸದು, ಅಷ್ಟು ವರ್ಷ ಕಾಯ್ದವನು ಮಾಡಿದವನೇ, ನಡುವೆ ಯಾರ ಅಟ್ಟದ ಸೆಕೆಯೂ ಇಲ್ಲ. ವಿಂಟೇಜ್ ಪೋರ್ಟನ್ನು ತೆರೆಯುವ ಮೊದಲು ಒಂದು ದಿನ ನೆಟ್ಟಗೆ ನಿಲ್ಲಿಸಿ, ತಳದ ಗಸಿ ಬಿಟ್ಟು ಬಸಿದುಕೊಂಡು, ಒಂದೆರಡು ದಿನದಲ್ಲಿ ಮುಗಿಸಬೇಕು. ಇದಕ್ಕೆ ಆ ರಗಳೆ ಇಲ್ಲ, ತೆರೆದ ಮೇಲೂ ವಾರಗಟ್ಟಲೆ ಇರುತ್ತದೆ. ಅಂಗಡಿಯಲ್ಲೇ ಕೊಂಡಳು, ನೂರಾ ಇಪ್ಪತ್ತರ ಸುಮಾರಿಗೆ ಬಂತು. ಇನ್ನೂ ಅಗ್ಗ ಬೇಕೆನ್ನುವವರು ದಕ್ಷಿಣ ಫ್ರಾನ್ಸಿನ ಸಿಹಿ ವೈನ್ ರಿವ್ಸಾಲ್ಟ್ ನೋಡಬಹುದು. ಹಳೇ ವರ್ಷದ್ದಾದರೂ ಅದಕ್ಕೆ ಅಂಥ ಬೇಡಿಕೆ ಇಲ್ಲ.

ಅವಳಿಗೆ ರುಚಿ ಹತ್ತಿತು. ಮಗಳ ಹುಟ್ಟಿದ ವರ್ಷದ್ದನ್ನೂ ಒಂದು ಪೆಟ್ಟಿಗೆ ಕೊಂಡು ಅವಳ ಮದುವೆತನಕ ಇಟ್ಟರೆ ಹೂಡಿಕೆ ಆಗುತ್ತದಲ್ಲ ಎಂದಳು. ಅಲ್ಲಿ ಗೋದಾಮಿನ ಬಾಡಿಗೆ ಪೆಟ್ಟಿಗೆಗೆ ವರ್ಷಕ್ಕೆ ಹತ್ತು-ಹದಿನೈದು ಪೌಂಡ್. ಇಪ್ಪತ್ತೈದು ವರ್ಷ ಅಂದರೆ ಮುನ್ನೂರರ ಹತ್ತಿರ, ಬಡ್ಡಿ ಬೇರೆ. ಕುಡಿಯಲು ಇಡುವುದಾದರೆ ಇಡಿ, ಲಾಭಕ್ಕೆ ಬೇಡ ಅಂದೆ. ಇಲ್ಲಿದ್ದಿದ್ದರೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಸುತ್ತಿದ್ದೆ. ಅದು ಅನಿವಾಸಿಗಳಿಗೆ ಇಲ್ಲ.

ಇನ್ನು ಹುಟ್ಟಿದ ವರ್ಷದ ಬಾಟಲಿಯನ್ನು ಹುಟ್ಟಿದ ಊರಲ್ಲೇ ತೆರೆಯುವ ಆಸೆ ಇದ್ದವರಿಗೆ: ಒಬ್ಬ ಪ್ರಯಾಣಿಕ ಎರಡು ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು, ಅಂದರೆ 750 ಮಿ.ಲೀ.ನ ಎರಡು ಬಾಟಲಿ. ಕೈಚೀಲದಲ್ಲಿ ಎಲ್ಲ ವಿಮಾನ ನಿಲ್ದಾಣಗಳಲ್ಲೂ ಬಿಡುವುದಿಲ್ಲ, ಬಟ್ಟೆಯಲ್ಲಿ ಸುತ್ತಿ ದೊಡ್ಡ ಬ್ಯಾಗಿಗೆ ಹಾಕುವುದು ಮೇಲು. ಏಪ್ರಿಲ್ಲಿನಲ್ಲಿ ಬರುವವರು ಪೋರ್ಟ್ ಬಿಟ್ಟು ಮದೀರಾ ತರುವುದು ಮೇಲು. ಹಡಗಿನ ತಳದಲ್ಲಿ ಉಷ್ಣ ದೇಶಗಳ ಸೆಕೆಗೆ ಬೆಂದೇ ರುಚಿ ಕಂಡುಕೊಂಡ ವೈನ್ ಅದು. ಈಗಲೂ ಮಾಡುವಾಗ ಬೇಕೆಂದೇ ಬಿಸಿ ಕೊಡುತ್ತಾರೆ. ನವಲಗುಂದದ ಬಿಸಿಲಿಗೆ ಹೆದರದ್ದು ಅದೊಂದೇ.