ಡಾಕ್ಟರಿಗೆ ನಿನ್ನ ಹಳೆಯ ಕೆಲಸವನ್ನೂ ಹೇಳು

ತಮ್ಮಾ, ನೀನು ಬಣ್ಣದ ಕಂಪನಿಗೆ ಸೇರಿದ್ದೀ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಸಂತೋಷ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅನ್ನ ಹಾಕಿದೆ, ನನ್ನ ಮನೆಗೂ. ಶಿಫ್ಟು, ಓವರ್‌ಟೈಮು, ಪಿಎಫ್ ವಿಷಯ ಜೊತೆಯವರು ಹೇಳಿಕೊಡುತ್ತಾರೆ. ಮೂತ್ರಕೋಶದ ಕ್ಯಾನ್ಸರಿನ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ, ನಾಚಿಕೆಯ ಮಾತು ಅಂತ. ಅದನ್ನು ನಾನೇ ಹೇಳುತ್ತೇನೆ.

ನನ್ನ ಜೊತೆ ಡ್ರೈಯರ್ ಮೇಲಿದ್ದ ಗೆಳೆಯನೊಬ್ಬ ರಿಟೈರಾಗಿ ಊರಿಗೆ ಹೋಗಿ ಹೊಲ ನೋಡಿಕೊಂಡಿದ್ದ. ಒಂದು ದಿನ ಮೂತ್ರ ಕೆಂಪಗೆ ಹೋಯಿತು. ನೋವಿಲ್ಲ, ಉರಿಯಿಲ್ಲ. ಉಷ್ಣ ಅಂದುಕೊಂಡು ಎಳನೀರು ಕುಡಿದ, ಎರಡು ದಿನದಲ್ಲಿ ನಿಂತಿತು. ಕೆಲವು ತಿಂಗಳ ಮೇಲೆ ಮತ್ತೆ ಬಂತು. ಡಾಕ್ಟರು ಕಸುಬು ಕೇಳಿದಾಗ ‘ಒಕ್ಕಲುತನ’ ಅಂದ. ಅದೇನೂ ಸುಳ್ಳಲ್ಲ. ಆದರೆ ಅಷ್ಟು ವರ್ಷ ಬಣ್ಣದ ಪುಡಿಯಲ್ಲಿ ದುಡಿದದ್ದು ಬಾಯಿಗೆ ಬರಲೇ ಇಲ್ಲ. ಸೋಂಕಿನ ಮಾತ್ರೆ ಬರೆದುಕೊಟ್ಟರು. ಗಡ್ಡೆ ಪತ್ತೆಯಾಗುವ ಹೊತ್ತಿಗೆ ಅದು ಸ್ನಾಯುವಿನೊಳಗೆ ಇಳಿದಿತ್ತು. ಮೂತ್ರಕೋಶವನ್ನೇ ತೆಗೆಯಬೇಕಾಯಿತು.

ಬಣ್ಣದ ಕೆಲಸಕ್ಕೂ ಈ ರೋಗಕ್ಕೂ ಇರುವ ನಂಟು ಹೊಸದಲ್ಲ. 1895ರಲ್ಲೇ ಜರ್ಮನಿಯ ಲುಡ್ವಿಗ್ ರೆನ್ ಎಂಬ ಸರ್ಜನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಇದನ್ನು ಗುರುತಿಸಿದ್ದರು. ಬೆಂಜಿಡಿನ್, ಬೀಟಾ ನ್ಯಾಫ್ತೈಲಮೈನ್‌ನಂಥ ಅಮೈನು ಎಂಬ ರಾಸಾಯನಿಕಗಳು ಉಸಿರಿನಲ್ಲಷ್ಟೇ ಅಲ್ಲ, ಚರ್ಮದ ಮೂಲಕವೂ ಒಳಗೆ ಹೋಗುತ್ತವೆ. ಕಿಡ್ನಿ ಸೋಸಿ ಕಳಿಸಿದ ವಿಷ ಗಂಟೆಗಟ್ಟಲೆ ನಿಲ್ಲುವುದು ಮೂತ್ರಕೋಶದಲ್ಲಿ, ಹಾಗಾಗಿ ಏಟು ಬೀಳುವುದು ಅದರ ಒಳಪದರಕ್ಕೆ. ರೋಗ ಕಾಣಿಸಿಕೊಳ್ಳಲು ಇಪ್ಪತ್ತು ವರ್ಷ ಹಿಡಿಯಬಹುದು, ಇನ್ನೂ ಹೆಚ್ಚೂ ಆಗಬಹುದು. ನಮ್ಮ ದೇಶ 1993ರಲ್ಲಿ ಬೆಂಜಿಡಿನ್ ಆಧಾರಿತ ಬಣ್ಣಗಳನ್ನು ನಿಷೇಧಿಸಿತು. ಅದಕ್ಕೂ ಮೊದಲು ಅವನ್ನು ಮುಟ್ಟಿದ ಕೈಗಳು ಇವತ್ತಿಗೂ ನಮ್ಮ ನಡುವೆ ಇವೆ. ಆರ್ಥೋ ಟೊಲುಯಿಡಿನ್‌ನಂಥ ಬೇರೆ ಅಮೈನುಗಳಿಂದಲೂ ಈ ಕ್ಯಾನ್ಸರ್ ಬರುತ್ತದೆ.

ಕಣ್ಣಿಗೆ ಕಾಣುವ ಬಣ್ಣವನ್ನೇ ಅಪಾಯ ಅಂದುಕೊಳ್ಳಬೇಡ. 2020ರ ಫೆಬ್ರುವರಿಯಲ್ಲಿ ಡೊಂಬಿವಲಿಯ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದಾಗ ದೇಶವೆಲ್ಲ ನೋಡಿತು. ಆದರೆ ಬೆಂಜಿಡಿನ್ ಶುದ್ಧವಾಗಿದ್ದರೆ ಬಿಳಿ ಪುಡಿ. ನೀನು ಸುರಿಯುವ ಡ್ರಮ್ಮಿನ ಮೇಲೆ ಏನು ಬರೆದಿದೆ ಓದು, ಅದರ ಸೇಫ್ಟಿ ಡೇಟಾ ಶೀಟ್ ಕೇಳು. ಕೈಗೆ ಹತ್ತಿದ್ದನ್ನು ಥಿನ್ನರಿನಲ್ಲಿ ಉಜ್ಜಬೇಡ, ಚರ್ಮ ಹಾಳಾಗಿ ವಿಷ ಇಳಿಯಲು ದಾರಿಯಾಗುತ್ತದೆ. ಸೋಪು ನೀರು ಬಳಸು. ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ರೂಮಿಗೆ ಹೋಗು. ಕಲೆಯಾದ ಕೈಯಲ್ಲಿ ವಡಾಪಾವ್ ಹಿಡಿಯಬೇಡ.

ಬೀಡಿ ಸಿಗರೇಟು ಬಿಡು. ಈ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಅದೇ, ಸುಮಾರು ಅರ್ಧದಷ್ಟು ಪ್ರಕರಣಗಳ ಹಿಂದೆ ಹೊಗೆ ಇರುತ್ತದೆ. ಆ ಹೊಗೆಯಲ್ಲೂ ಇವೇ ಜಾತಿಯ ಅಮೈನುಗಳಿವೆ. ಕಂಪನಿಯೊಳಗಿನ ಗಾಳಿ ನಿನ್ನ ಕೈಯಲ್ಲಿಲ್ಲ, ಬೀಡಿ ನಿನ್ನ ಕೈಯಲ್ಲೇ ಇದೆಯಲ್ಲ!

ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೂ ತೋರಿಸು. ತಾನಾಗಿ ನಿಂತರೂ ತೋರಿಸು, ನೋವಿಲ್ಲದಿದ್ದರೆ ಇನ್ನೂ ಬೇಗ ತೋರಿಸು. ಕಲ್ಲೋ ಸೋಂಕೋ ಆಗಿರಬಹುದು, ಆದರೆ ಅದನ್ನು ಹೇಳಬೇಕಾದದ್ದು ಪರೀಕ್ಷೆ. ಮೂತ್ರ ಪರೀಕ್ಷೆ, ಸೋನೋಗ್ರಫಿ, ಬೇಕಾದರೆ ದುರ್ಬೀನು ಹಾಕಿ ಒಳಗೆ ನೋಡುವುದು. ಪ್ಯಾಕಿಂಗಿನಲ್ಲಿರುವ ಅಕ್ಕತಂಗಿಯರಿಗೂ ಹೇಳು. ಮುಟ್ಟಿನದು ಇರಬೇಕು ಅಂತ ಅವರು ಸುಮ್ಮನಿದ್ದುಬಿಡುತ್ತಾರೆ.

ಬೇಗ ಸಿಕ್ಕರೆ ಗಡ್ಡೆಯನ್ನು ದುರ್ಬೀನಿನಿಂದಲೇ ಕೆತ್ತಿ ತೆಗೆಯುತ್ತಾರೆ. ಕೆಲವರಿಗೆ ಕ್ಷಯದ ಲಸಿಕೆ ಬಿಸಿಜಿಯನ್ನೇ ನಳಿಕೆಯಿಂದ ಮೂತ್ರಕೋಶದೊಳಗೆ ಬಿಡುತ್ತಾರೆ. ಆದರೆ ಇದು ಮರುಕಳಿಸುವ ರೋಗ. ಮೊದಮೊದಲು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ದುರ್ಬೀನು ಹಾಕಿಸಬೇಕಾಗುತ್ತದೆ, ಹಬ್ಬ ಅಂತ ತಪ್ಪಿಸುವಂತಿಲ್ಲ.

ಇವತ್ತೇ ಒಂದು ವಹಿ ಕೊಳ್ಳು. ಯಾವ ಕಂಪನಿ, ಯಾವ ವಿಭಾಗ, ಯಾವ ಮಾಲು, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ಬರೆದಿಡು. ಕಾಂಟ್ರಾಕ್ಟರ್ ಬದಲಾದರೆ ನಿನ್ನ ದಾಖಲೆ ಅವನ ಜೊತೆಗೇ ಹೋಗಿಬಿಡುತ್ತದೆ, ಆದ್ದರಿಂದ ಪ್ರತಿ ಮೆಡಿಕಲ್ ಚೆಕಪ್ಪಿನ ಜೆರಾಕ್ಸು ಕೇಳಿ ಅದರಲ್ಲೇ ಇಟ್ಟುಕೋ. ನಾಳೆ ನೀನು ಊರಿಗೆ ಹೋಗಿ ಕಿರಾಣಿ ಅಂಗಡಿ ಇಟ್ಟರೂ ಆ ವಹಿ ಡಾಕ್ಟರ ಮೇಜಿನ ಮೇಲೆ ಇಡು.