ಯೋಧರ ಗೌರವಾರ್ಥವಾದ ದಿನ

ಶಾಲೆಗೆ ರಜೆ ಎಂದೊಡನೆ ಮಕ್ಕಳು ಹರ್ಷಿಸುವುದು ಸಹಜವೇ. ಆದರೆ ಆ ರಜೆ ಏತಕ್ಕಾಗಿ ದೊರೆಯಿತೆಂದು ವಿಚಾರಿಸುವವರು ವಿರಳ. ರಾಷ್ಟ್ರವೊಂದು ತನ್ನ ಕೆಲಸಕಾರ್ಯಗಳನ್ನು ನಿಲ್ಲಿಸಿ ಒಂದು ದಿನವನ್ನು ಮೀಸಲಿಟ್ಟರೆ, ತಾನು ಯಾರಿಗೋ ಋಣಿಯೆಂದು ಒಪ್ಪಿಕೊಂಡಂತೆಯೇ ಸರಿ. ಅಂಥ ದಿನವು ಏರ್ಪಡುವ ಬಗೆಯನ್ನು ಅಮೇರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಿಂದ ನಾವು ತಿಳಿಯಬಹುದು.

೧೯೧೮ನೆಯ ಇಸವಿ ನವೆಂಬರ್ ೧೧ರಂದು ಬೆಳಿಗ್ಗೆ ೧೧ ಗಂಟೆಗೆ ಯೂರೋಪಿನ ಪಶ್ಚಿಮ ರಣರಂಗದಲ್ಲಿ ತೋಪುಗಳು ಮೌನವಾದುವು. ಮರುವರ್ಷ ಅಧ್ಯಕ್ಷ ವುಡ್ರೊ ವಿಲ್ಸನ್ನರು ಆ ದಿನವನ್ನು ಯುದ್ಧವಿರಾಮ ದಿನವೆಂದು ಸ್ಮರಿಸುವಂತೆ ಪ್ರಕಟಿಸಿದರು. ೧೯೨೧ರಲ್ಲಿ ಅದೇ ತಾರೀಖಿನಂದು, ಹೆಸರು ತಿಳಿಯದ ಸೈನಿಕನೊಬ್ಬನ ದೇಹವನ್ನು ಆರ್ಲಿಂಗ್ಟನ್ ಶ್ಮಶಾನದಲ್ಲಿ ರಾಜಮರ್ಯಾದೆಯಿಂದ ಭೂಸ್ಥಾಪನೆ ಮಾಡಿದರು. ಆದಾಗ್ಯೂ ಪ್ರತಿವರ್ಷದ ರಾಷ್ಟ್ರೀಯ ರಜೆಯ ಶಾಸನವಾದುದು ೧೯೩೮ರಲ್ಲಿ. ಲೋಕಶಾಂತಿಯೇ ಅದರ ಉದ್ದೇಶವೆಂದು ಆ ಶಾಸನವು ಸಾರಿತು. ಮುಂದಿನ ವರ್ಷವೇ ಎರಡನೆಯ ಮಹಾಯುದ್ಧ ಆರಂಭವಾಯಿತು!

ಆ ಯುದ್ಧದಲ್ಲಿ ಸುಮಾರು ೧ ಕೋಟಿ ೬೦ ಲಕ್ಷ ಅಮೇರಿಕನರು ಸೇವೆ ಸಲ್ಲಿಸಿದರು. ಬಳಿಕ ಕೊರಿಯಾದ ಯುದ್ಧವೂ ಬಂದಿತು. ಒಂದು ಯುದ್ಧದ ವಿರಾಮವನ್ನು ಮಾತ್ರ ನೆನಪಿಸುವ ಹೆಸರು ಇವರೆಲ್ಲರಿಗೆ ಸಾಲದಾಯಿತು. ಅಲಬಾಮದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ರೇಮಂಡ್ ವೀಕ್ಸ್ ಎಂಬ ಮಾಜಿ ಸೈನಿಕರು ೧೯೪೭ರಲ್ಲಿ ಎಲ್ಲಾ ಯೋಧರಿಗಾಗಿ ಉತ್ಸವವನ್ನು ಏರ್ಪಡಿಸಿದರು. ೧೯೫೩ರಲ್ಲಿ ಕಾನ್ಸಾಸಿನ ಎಂಪೋರಿಯ ಎಂಬ ಊರೂ ಅಂತೆಯೇ ಮಾಡಿತು. ೧೯೫೪ ಜೂನ್ ೧ರಂದು ಅಧ್ಯಕ್ಷ ಐಸೆನ್‌ಹೋವರರು ಸಹಿ ಮಾಡಲು, ಶಾಸನದಲ್ಲಿದ್ದ ‘ಯುದ್ಧವಿರಾಮ’ ಎಂಬ ಪದದ ಸ್ಥಾನದಲ್ಲಿ ‘ಯೋಧರು’ ಎಂಬ ಪದವು ನಿಂತಿತು. ಮಡಿದವರಿಗೆ ಮೇ ತಿಂಗಳಲ್ಲಿ ಸ್ಮಾರಕ ದಿನವು ಬೇರೆ ಇದೆ. ನವೆಂಬರಿನ ದಿನವಾದರೋ ಗಾಯಗಳೊಡನೆ ಬದುಕಿ ಮರಳಿದವರಿಗೂ ಸಲ್ಲತಕ್ಕದ್ದು.

ಇಷ್ಟಾದರೂ ಒಂದು ಪರೀಕ್ಷೆ ಉಳಿದಿತ್ತು. ೧೯೬೮ರ ಶಾಸನವೊಂದು, ಜನರಿಗೆ ಸಾಲುರಜೆಗಳ ಅನುಕೂಲವಾಗಲೆಂದು ಈ ದಿನವನ್ನು ಅಕ್ಟೋಬರ್ ತಿಂಗಳ ನಾಲ್ಕನೆಯ ಸೋಮವಾರಕ್ಕೆ ವರ್ಗಾಯಿಸಿತು. ೧೯೭೧ರಿಂದ ಅದು ಜಾರಿಗೆ ಬಂದಿತು. ಆದರೆ ಬಹುತೇಕ ಸಂಸ್ಥಾನಗಳು ಹಳೆಯ ತಾರೀಖನ್ನೇ ಹಿಡಿದುವು. ಕಡೆಗೆ ೧೯೭೫ರಲ್ಲಿ ಅಧ್ಯಕ್ಷ ಫೋರ್ಡರು ಮತ್ತೊಂದು ಶಾಸನಕ್ಕೆ ಸಹಿ ಮಾಡಿದರು. ೧೯೭೮ರಿಂದ ನವೆಂಬರ್ ೧೧ ಪುನಃ ನೆಲೆಗೊಂಡಿತು. ವಿಶ್ರಾಂತಿಗೆ ಯಾವ ಸೋಮವಾರವಾದರೂ ಸಾಕು. ಸ್ಮರಣೆಗೆ ಮಾತ್ರ ಅದರದೇ ದಿನ ಬೇಕೆಂದು ಆ ಜನರು ತೋರಿಸಿಕೊಟ್ಟರು.

ನಮ್ಮ ದೇಶದಲ್ಲಿ ಜನವರಿ ೧೪ ಮಾಜಿ ಸೈನಿಕರ ದಿನವಾಗಿದೆ. ಕೊಡಗಿನ ಕೆ. ಎಂ. ಕಾರಿಯಪ್ಪನವರು ಸೇನೆಯಿಂದ ನಿವೃತ್ತರಾದುದು ೧೯೫೩ರ ಅದೇ ದಿನ. ಸಂಕ್ರಾಂತಿಯ ಸಂಭ್ರಮದ ಆಸುಪಾಸಿನಲ್ಲಿ ಈ ದಿನವು ಅನೇಕರ ಗಮನಕ್ಕೆ ಬಾರದೆ ಹೋಗುವುದು.

ಯುದ್ಧವನ್ನು ಕೊಂಡಾಡುವುದು ನಮ್ಮ ಅಭಿಪ್ರಾಯವಲ್ಲ. ಯುದ್ಧದ ಬೆಲೆಯೇನೆಂದು ಅದನ್ನು ತೆತ್ತವರ ಬಾಯಿಂದ ಕೇಳಿದ ಮಕ್ಕಳೇ ಶಾಂತಿಯ ಬೆಲೆಯನ್ನು ಬಲ್ಲರು. ಆದಕಾರಣ, ತಾಯಂದಿರೇ ತಂದೆಗಳೇ, ನಿಮ್ಮ ಬೀದಿಯಲ್ಲಿ ಮಾಜಿ ಸೈನಿಕರಿದ್ದರೆ, ಅಥವಾ ಮಗನನ್ನು ಕಳೆದುಕೊಂಡ ತಾಯಿಯಿದ್ದರೆ, ಆ ದಿನ ನಿಮ್ಮ ಮಕ್ಕಳನ್ನು ಅವರ ಮನೆಗೆ ಕರೆದೊಯ್ಯಿರಿ. ಇದಕ್ಕೆ ಸರಕಾರದ ರಜೆಗಾಗಿ ಕಾಯಬೇಕಾದುದಿಲ್ಲ.